ಮಾವನ ಟೇಪುಗಳು

ಅಗ್ಗದ ಸಾಮಾನಿನ ಮೇಲೆ ಲೋಕಕ್ಕಿರುವ ಅವಿಶ್ವಾಸವು ದುಬಾರಿ ಸಾಮಾನಿನ ಮೇಲೆ ಅದಕ್ಕಿರುವ ಭಕ್ತಿಯ ಮಗ್ಗುಲಲ್ಲೇ ಬೆಳೆದು ಬಂದುದಾದ ಕಾರಣ, ಎರಡನ್ನೂ ಪರೀಕ್ಷೆಗೊಡ್ಡದೆಯೇ ಒಂದು ಆಯುಷ್ಯವನ್ನು ಸುಖವಾಗಿ ಕಳೆದುಬಿಡಬಹುದು. ಹಳೆಯ ಕ್ಯಾಸೆಟ್ಟುಗಳಲ್ಲಿರುವ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಬೇಕೆಂದಿದ್ದೇನೆ ಎಂದು ನಾನು ಬಾಯಿಬಿಟ್ಟಾಗ, ಬಲ್ಲವರೆನಿಸಿಕೊಂಡ ಮಿತ್ರರೆಲ್ಲರೂ ಹೇಳಿದುದು ಒಂದನ್ನೇ: ಅದು ಮನೆಯಲ್ಲಿ ಮಾಡತಕ್ಕ ಕೆಲಸವಲ್ಲ, ಉತ್ತಮವಾದ ಡೆಕ್ಕು ಬೇಕು, ಶಬ್ದ ನುಸುಳದ ಸ್ಟುಡಿಯೋ ಬೇಕು, ಲಕ್ಷ ರೂಪಾಯಿಯ ಮಾತಾಡುವ ಪರಿಕರಗಳು ಬೇಕು, ಅವೆಲ್ಲ ಒದಗುವವರೆಗೆ ಟೇಪುಗಳನ್ನು ಇದ್ದಲ್ಲಿಯೇ ಇಟ್ಟಿರುವುದು ಲೇಸು. ಇದ್ದಲ್ಲಿಯೇ ಇಟ್ಟಿರುವುದು ಲೇಸೆಂಬ ಈ ಸಲಹೆ ಬಯಲುಸೀಮೆಯಲ್ಲಿ ಒಂದು ವೇಳೆ ಸಲ್ಲಬಹುದಾದರೂ, ವರ್ಷದ ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಎಷ್ಟು ಅಪಾಯಕರವೆಂಬುದನ್ನು, ಮಳೆಗಾಲ ಕಳೆದ ಮೇಲೆ ಅಟ್ಟದ ಪೆಟ್ಟಿಗೆಯನ್ನು ತೆರೆದು ನೋಡಿದವರೇ ಬಲ್ಲರು. ಆದುದರಿಂದ ನಾನು ಮಿತ್ರರ ಮಾತನ್ನು ಗೌರವದಿಂದ ಕೇಳಿ, ಅವರು ಎದ್ದು ಹೋದ ತರುವಾಯ ಅಗ್ಗದ ಸಾಮಾನನ್ನೇ ಕೊಂಡು ತಂದೆನು.

ಟೇಪುಗಳು ನನ್ನ ಸೋದರಮಾವನವು. ಅಡಕೆ ತೋಟವಿರುವ ಗೃಹಸ್ಥರು ಅವರು. ಅರ್ಥ ಹೇಳಿದವರಲ್ಲ, ಪದ ಹಾಡಿದವರಲ್ಲ, ಮದ್ದಳೆ ಮುಟ್ಟಿದವರೂ ಅಲ್ಲ. ಕೇಳುವುದೊಂದೇ ಅವರ ವಿದ್ಯೆ. ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸಿದ ಮೇಲೆ, ಬಯಲಾಟಕ್ಕೆ ಬಯಲೇ ಇಲ್ಲದ ಆಷಾಢ ಶ್ರಾವಣಗಳಲ್ಲಿ, ದೇವಸ್ಥಾನದ ಚಾವಡಿಗಳಲ್ಲಿಯೂ ದೊಡ್ಡ ಮನೆಗಳ ಜಗಲಿಗಳಲ್ಲಿಯೂ ತಾಳಮದ್ದಳೆಯ ಕೂಟಗಳು ನಡೆಯುತ್ತಿದ್ದುವಷ್ಟೆ. ಪುತ್ತೂರಿನಿಂದ ಕಾಸರಗೋಡಿನವರೆಗೆ ಎಲ್ಲಿ ಕೂಟವಿದೆಯೆಂದು ಕಿವಿಗೆ ಬಿದ್ದರೂ, ಮಾವನು ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಟೇಪ್ ರೆಕಾರ್ಡರನ್ನೂ ಹಿಡಿದು ಹೊರಟುಬಿಡುತ್ತಿದ್ದರು. ಹೀಗೆ ಸಂಗ್ರಹವಾದ ಕ್ಯಾಸೆಟ್ಟುಗಳು ಇನ್ನೂರಕ್ಕೆ ಕಡಮೆಯಿರಲಾರವು.

ತಾಳಮದ್ದಳೆಯನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಚೆಂಡೆ ಮದ್ದಳೆಗಳು ಅದಕ್ಕೆ ಒದಗುತ್ತವೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದುಕೊಂಡು ಕೃಷ್ಣನಾಗಿ ಕೌರವನಾಗಿ ವಾಲಿಯಾಗಿ ಗದ್ಯದಲ್ಲಿ ವಾದ ಹೂಡುತ್ತಾರೆ. ಪದ್ಯಗಳು ಅಚ್ಚಾದ ಪುಸ್ತಕದಲ್ಲಿ ದೊರೆಯುತ್ತವೆ. ಅರ್ಥವು ಎಲ್ಲಿಯೂ ದೊರೆಯುವುದಿಲ್ಲ, ಏಕೆಂದರೆ ಅದು ಆ ರಾತ್ರಿ, ಆ ಎದುರಾಳಿಯ ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುದು. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆಯ ಶಂಕರನಾರಾಯಣ ಸಾಮಗರು ಇವರೇ ಮೊದಲಾದವರು ಒಂದೇ ಪಾತ್ರವನ್ನು ನೂರಾರು ಸಲ ನಿರ್ವಹಿಸಿದ್ದಾರು. ಆದರೆ ಒಂದು ರಾತ್ರಿಯ ಕೃಷ್ಣಸಂಧಾನವು ಮತ್ತೊಂದು ರಾತ್ರಿಯದಾಗಲಿಲ್ಲ. ಇಂಥ ಕಲೆಯಲ್ಲಿ ಕೃತಿಯೆಂಬುದು ಯಾವುದು ಎಂದು ಕೇಳಿದರೆ, ಮುಂದಿನ ಸಾಲಿನಲ್ಲಿ ಕುಳಿತ ಯಾವನೋ ಒಬ್ಬ ರಸಿಕನ ಮಡಿಲಲ್ಲಿ ತಿರುಗುತ್ತಿದ್ದ ಕ್ಯಾಸೆಟ್ಟನ್ನೇ ತೋರಿಸಬೇಕಾಗುತ್ತದೆ. ಬಯಲಾಟದ ಹಾಡುಗಾರಿಕೆಗೂ ಈ ಮಾತು ಒಂದಿಷ್ಟು ಸಲ್ಲುತ್ತದೆ. 1990ರಲ್ಲಿ ರಸ್ತೆಯ ಅಪಘಾತದಲ್ಲಿ ಅಕಾಲ ಮೃತ್ಯುವಿಗೆ ತುತ್ತಾದ ಬಡಗುತಿಟ್ಟಿನ ಭಾಗವತರಾದ ಗುಂಡ್ಮಿ ಕಾಳಿಂಗ ನಾವಡರ ಕಂಠವನ್ನು, ಅವರನ್ನು ಕಣ್ಣಾರೆ ಕಾಣದ ತಲೆಮಾರು ಇಂದಿಗೂ ಅನುಕರಿಸುತ್ತಿದ್ದರೆ ಅದು ಕ್ಯಾಸೆಟ್ಟಿನ ಪ್ರಸಾದವೇ ಹೊರತು ಬೇರೆಯಲ್ಲ.

ಈ ಕ್ಯಾಸೆಟ್ಟಾದರೂ ಘನವಾದ ಉದ್ದೇಶದಿಂದ ಹುಟ್ಟಿದುದಲ್ಲ. ಫಿಲಿಪ್ಸ್ ಕಂಪನಿಯವರು 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಮೊದಲು ಮುಂದಿಟ್ಟಾಗ, ಅದು ಮಾತನ್ನು ಬರೆದಿಟ್ಟುಕೊಳ್ಳುವ ಕಿಸೆಯ ಯಂತ್ರಕ್ಕೆ ತಕ್ಕ ಸಾಮಗ್ರಿಯಾಗಿತ್ತೇ ವಿನಾ ಸಂಗೀತಕ್ಕೆಂದು ಯಾರೂ ಅದನ್ನು ಗಣಿಸಿರಲಿಲ್ಲ. ಟೇಪಿನ ಅಗಲ 3.81 ಮಿಲಿಮೀಟರು, ಅದನ್ನೂ ಎರಡು ಮೈಗಳಿಗೆ ಹಂಚಿಕೊಡಬೇಕು. ವೇಗ ಸೆಕೆಂಡಿಗೆ 4.76 ಸೆಂಟಿಮೀಟರು. ಅಗಲವೂ ವೇಗವೂ ಇಷ್ಟು ಕೃಪಣವಾಗಿರುವ ಈ ಕಂದು ಪಟ್ಟಿ ಸ್ವರಗಳನ್ನು ಹಿಡಿದಿಡುತ್ತದೆಂಬುದೇ ಒಂದು ಸೋಜಿಗ. ಸಂಗೀತಕ್ಕೆ ಅದು ಮುಂದೆ ಒದಗಿ ಬಂದುದು ಬೇರೆ ಕಥೆ. ಮಾತಿಗಾಗಿ ಹುಟ್ಟಿದ ಸಾಧನವು ಮಾತೇ ಪ್ರಧಾನವಾದ ತಾಳಮದ್ದಳೆಯ ಚಾವಡಿಗೆ ಬಂದು ಕುಳಿತುದು ಮಾತ್ರ ಉಚಿತವಾಗಿಯೇ ಇದ್ದಿತು.

ಮಾವನ ಯಂತ್ರವು ರೇಡಿಯೋ ಮತ್ತು ಟೇಪು ಒಂದೇ ಪೆಟ್ಟಿಗೆಯಲ್ಲಿರುವ ಟೂ-ಇನ್-ವನ್. ಗಲ್ಫಿನಿಂದ ಯಾರೋ ತಂದುದಂತೆ. ಅದರ ಹೊಟ್ಟೆಯಲ್ಲಿಯೇ ಕಾಳಿನಷ್ಟು ಸಣ್ಣ ಮೈಕು. ಅದರೊಳಗೆ ಸ್ವರದ ಮಟ್ಟವನ್ನು ತಾನಾಗಿಯೇ ಏರಿಸಿ ಇಳಿಸುವ ಒಂದು ಏರ್ಪಾಡು. ಈ ಏರ್ಪಾಡಿನ ಸ್ವಭಾವವನ್ನು ನಾನು ಈಗ ಚೆನ್ನಾಗಿ ಬಲ್ಲೆ: ಚೆಂಡೆಯ ಪೆಟ್ಟು ಬಿದ್ದೊಡನೆಯೇ ಅದು ಗಾಬರಿಗೊಂಡು ಕಿವಿ ಮುಚ್ಚಿಕೊಳ್ಳುತ್ತದೆ, ಭಾಗವತರ ಸ್ವರ ಬಾವಿಗಿಳಿಯುತ್ತದೆ, ಪೆಟ್ಟು ನಿಂತ ಕೆಲವು ಕ್ಷಣಗಳಲ್ಲಿ ಧೈರ್ಯ ತಂದುಕೊಂಡು ಮೆಲ್ಲನೆ ಕಿವಿ ತೆರೆಯುತ್ತದೆ, ಅರ್ಥಧಾರಿ ಮಾತಿನ ನಡುವೆ ಗಂಭೀರವಾಗಿ ತಡೆದು ನಿಂತರೆಂದರೆ ಈ ಮೌನವನ್ನು ಸಹಿಸಲಾರದೆ ಕಿವಿಯನ್ನು ಪೂರ್ತಿ ಅಗಲಿಸಿ, ಹಿಂದಿನ ಸಾಲಿನವರ ಕೆಮ್ಮನ್ನೂ ಅಂಗಳದ ನಾಯಿಯನ್ನೂ ಹೆಂಚಿನ ಮೇಲಿನ ಮಳೆಯನ್ನೂ ಬಳಿಗೆ ಕರೆದು ಕುಳ್ಳಿರಿಸುತ್ತದೆ. ಇದೆಲ್ಲವೂ ಟೇಪಿನಲ್ಲಿ ಶಾಶ್ವತವಾಗಿ ಅಂಕಿತವಾಗಿದೆ. ಹೀಗಿರುವಾಗ, ಇಂಥ ಟೇಪನ್ನು ಅತ್ಯುತ್ತಮವಾದ ಡೆಕ್ಕಿನಲ್ಲಿ ತಿರುಗಿಸಿದರೆ ಇಲ್ಲದ ಯಾವ ಐಶ್ವರ್ಯವು ಹೊರಬಂದೀತು? ಕೇಳುಗರ ಅಗ್ಗದ ಯಂತ್ರದಲ್ಲಿ ಹುಟ್ಟಿದ ಸ್ವರವನ್ನು ಕೇಳುಗರ ಅಗ್ಗದ ಯಂತ್ರವೇ ಮರಳಿ ಎತ್ತಿಕೊಳ್ಳಬಲ್ಲುದು. ಹಣ ಮಾಡದ ಕೆಲಸವನ್ನು ಶ್ರದ್ಧೆ ಮಾಡಬೇಕಾದ ಸ್ಥಾನ ಒಂದೇ ಒಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ಪರಿಕರಗಳ ವಿಷಯವನ್ನು ಬೇಗ ಮುಗಿಸಿಬಿಡಬಹುದು. ವಾಕ್‌ಮನ್ನಿನಂತೆ ಕಾಣುವ, ಯುಎಸ್‌ಬಿ ತಂತಿಯೊಂದನ್ನು ಬಾಲವಾಗಿ ಇಟ್ಟುಕೊಂಡ ಸಿದ್ಧ ಯಂತ್ರಗಳು ಪೇಟೆಯಲ್ಲಿ ಸಿಕ್ಕುತ್ತವೆ; ಎಲ್ಲಕ್ಕಿಂತ ಅಗ್ಗವೂ ಅವೇ. ಆದರೆ ಅವುಗಳ ಮೋಟರು ಹಗುರ, ಗಾಲಿ ಹಗುರ, ನಡಗೆ ಓಲಾಟದ್ದು. ಶ್ರುತಿ ಹಿಡಿದು ನಿಂತ ಭಾಗವತರು ಅದರಲ್ಲಿ ದೋಣಿಯೊಳಗಿನಿಂದ ಹಾಡುವವರಾಗುತ್ತಾರೆ. ಅಗ್ಗಕ್ಕೂ ಒಂದು ಮೇರೆಯಿದೆಯೆಂದು ನಾನು ಒಪ್ಪುವುದು ಇಲ್ಲಿ ಮಾತ್ರ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಯಾರ ಮನೆಯಲ್ಲೋ ಕಪಾಟಿನ ಮೇಲೆ ಧೂಳು ಹೊತ್ತು ಕುಳಿತ ಹಳೆಯ ಸ್ಟೀರಿಯೋ ಡೆಕ್ಕೊಂದನ್ನು ಕೇಳಿ ತಂದು ರಿಪೇರಿ ಮಾಡಿಸುವುದು. ನನಗೆ ದೊರೆತ ಡೆಕ್ಕು ಗುಂಡಿ ಒತ್ತಿದರೆ ಒಳಗೇ ಗುಂಯ್‌ಗುಡುತ್ತಿತ್ತಲ್ಲದೆ ಟೇಪನ್ನು ಕದಲಿಸುತ್ತಿರಲಿಲ್ಲ. ನಮ್ಮ ಪೇಟೆಯಲ್ಲಿ ಒಂದು ಕಾಲಕ್ಕೆ ರೇಡಿಯೋ ರಿಪೇರಿಯಿಂದಲೇ ಸಂಸಾರ ಸಾಗಿಸಿ ಈಗ ಮಿಕ್ಸಿ ಫ್ಯಾನುಗಳಿಗೆ ಇಳಿದಿರುವ ಗೃಹಸ್ಥರೊಬ್ಬರು ಅದರ ಬೆನ್ನು ಬಿಚ್ಚಿ ನೋಡಿ, ಬಹಳ ದಿನದ ಮೇಲೆ ಹಳೆಯ ನೆಂಟರನ್ನು ಕಂಡ ಮುಖಭಾವದಿಂದ, “ಮೋಟರಿಗೆ ಎಂತ ಆಗ್ಲಿಲ್ಲ ಮಾಷ್ಟ್ರೆ, ಬೆಲ್ಟು ಕರಗಿದ್ದು ಅಷ್ಟೆ,” ಎಂದರು. ನಿಜ, ರಬ್ಬರಿನ ಬೆಲ್ಟು ಕಾಲಾಂತರದಲ್ಲಿ ಕರಗಿ ಗಾಲಿಗೆ ಡಾಮರಿನಂತೆ ಅಂಟಿಕೊಂಡಿತ್ತು. ಸ್ಪಿರಿಟ್ಟಿನಿಂದ ಅದನ್ನು ಉಜ್ಜಿ ತೆಗೆದು, ಅಳತೆಗೆ ಹೊಂದುವ ಹೊಸ ಬೆಲ್ಟನ್ನು ಹಾಕಿ, ಹೆಡ್ಡನ್ನೂ ಅದರ ಪಕ್ಕದ ರಬ್ಬರ್ ರೋಲರನ್ನೂ ಹತ್ತಿಯಿಂದ ಒರಸಿಕೊಟ್ಟು, ಅವರು ಕೇಳಿದ ಕೂಲಿಯನ್ನು ಇಲ್ಲಿ ಬರೆದರೆ ಅವರಿಗೇ ಅವಮಾನವಾದೀತು.

ಉಳಿದುದು, ಡೆಕ್ಕಿನಿಂದ ಹೊರಟ ಸ್ವರವನ್ನು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಉಣಿಸುವ ಬೆಂಕಿಪೊಟ್ಟಣದ ಗಾತ್ರದ ಒಂದು ಪೆಟ್ಟಿಗೆ. ಲ್ಯಾಪ್‌ಟಾಪಿನ ಮೈಕಿನ ತೂತಿಗೇ ತಂತಿಯನ್ನು ಚುಚ್ಚಬಾರದೆ ಎಂದು ಕೇಳುವವರುಂಟು. ಆ ತೂತು ಮೈಕಿನ ಕ್ಷೀಣವಾದ ಸ್ವರಕ್ಕೆಂದು ಮಾಡಿದುದಾದ್ದರಿಂದ ಡೆಕ್ಕಿನ ಬಲವಾದ ಸ್ವರವು ಅಲ್ಲಿ ಒಡೆದು ಹೋಗುತ್ತದೆ. ಈ ಸಣ್ಣ ಪೆಟ್ಟಿಗೆಯ ಬೆಲೆ ಒಂದು ಹಬ್ಬದ ಊಟದ ಖರ್ಚಿಗೂ ಬಾರದು. ಅದು ಸ್ವರವನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ, ಎಂದರೆ 65,536 ಮೆಟ್ಟಿಲುಗಳಲ್ಲಿ ಒಂದನ್ನಾಗಿ ಬರೆದಿಡುತ್ತದೆ. ದೊಡ್ಡ ದಾಖಲಾಗಾರಗಳವರು 24 ಬಿಟ್ಟುಗಳನ್ನೂ 96,000 ಅಳತೆಗಳನ್ನೂ ವಿಧಿಸುತ್ತಾರೆ. ಅವರ ಭಂಡಾರದಲ್ಲಿರುವ ಸ್ಟುಡಿಯೋ ಸುರುಳಿಗಳಿಗೆ ಅದು ಯುಕ್ತವೇ ಸರಿ. ನಮ್ಮ ಟೂ-ಇನ್-ವನ್ನಿನ ಟೇಪಿನಲ್ಲಾದರೋ ‘ಹುಸ್’ ಎಂಬ ನಿರಂತರವಾದ ನಿಶ್ವಾಸವೇ ಆ ಮೆಟ್ಟಿಲುಗಳ ಅಡಿಯ ಬಹುಭಾಗವನ್ನು ಮುಳುಗಿಸಿಕೊಂಡಿರುವುದರಿಂದ, ಅದರ ಕೆಳಗೆ ಇನ್ನಷ್ಟು ಸೂಕ್ಷ್ಮವಾದ ಮೆಟ್ಟಿಲುಗಳನ್ನು ಕಡೆಸಿ ಏನು ಪ್ರಯೋಜನ? ತಂತ್ರಾಂಶಕ್ಕೆ ಮೂರು ಕಾಸಿನ ಖರ್ಚೂ ಇಲ್ಲ. 2000ದಲ್ಲಿ ಮೊದಲು ಹೊರಬಂದ ಆಡಾಸಿಟಿ ಎಂಬುದು ಇಂದಿಗೂ ಧರ್ಮಾರ್ಥವಾಗಿಯೇ ದೊರೆಯುತ್ತದೆ. ಒಂದು ಉಪದ್ರವವನ್ನು ಮಾತ್ರ ನೆನಪಿಸಬೇಕು. ಚಾರ್ಜರನ್ನು ಚುಚ್ಚಿದ ಲ್ಯಾಪ್‌ಟಾಪೂ ಗೋಡೆಯ ಕರೆಂಟಿಗೆ ಅಂಟಿದ ಡೆಕ್ಕೂ ಒಂದೇ ತಂತಿಯಿಂದ ಬಂಧಿತವಾದಾಗ 50 ಆವರ್ತನದ ‘ಗುಂಯ್’ ಎಂಬ ನಾದವೊಂದು ಎಲ್ಲ ಅರ್ಥಧಾರಿಗಳ ಬೆನ್ನ ಹಿಂದೆಯೂ ನಿಂತುಬಿಡುತ್ತದೆ. ಚಾರ್ಜರನ್ನು ಕಿತ್ತು ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೆಯೇ ನಡೆಸಿದರೆ ಅದು ಸಾಮಾನ್ಯವಾಗಿ ಅಡಗುತ್ತದೆ.

ಇನ್ನು ಆ ಒಂದು ಸ್ಥಾನದ ವಿಚಾರ. ಟೇಪಿನೊಡನೆ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಹೆಡ್ಡಿನ ನಡುವೆ ಕಣ್ಣಿಗೆ ಕಾಣದಷ್ಟು ಸಪುರವಾದ ಒಂದು ಸೀಳು ಇದೆ. ಸ್ವರವನ್ನು ಓದುವುದು ಆ ಸೀಳು. ಟೇಪು ಹರಿಯುವ ದಿಕ್ಕಿಗೆ ಅದು ನೇರ ಲಂಬವಾಗಿರಬೇಕು. ಸೆಕೆಂಡಿಗೆ 10,000 ಸಲ ಕಂಪಿಸುವ ಸ್ವರವೊಂದು ಈ ಟೇಪಿನ ಮೇಲೆ ಹಿಡಿಯುವ ಜಾಗವು ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗೂ ಕಡಮೆಯಾದುದರಿಂದ, ಸೀಳು ಕೂದಲೆಳೆಯಷ್ಟು ಓರೆಯಾದರೂ ಅದರ ಮೇಲ್ತುದಿ ಒಂದು ಅಲೆಯನ್ನೂ ಕೆಳತುದಿ ಮತ್ತೊಂದು ಅಲೆಯನ್ನೂ ಓದಿ, ಒಂದನ್ನೊಂದು ನುಂಗಿ, ತಾರದ ಸ್ವರಗಳೆಲ್ಲ ಮಾಯವಾಗಿಬಿಡುತ್ತವೆ. ಮೊದಲು ಬಲಿಯಾಗುವುವು ಶಕಾರ ಸಕಾರಗಳು. ಸಂಸ್ಕೃತಭೂಯಿಷ್ಠವಾದ ಅರ್ಥಗಾರಿಕೆಯಲ್ಲಿ ಇದರ ಪರಿಣಾಮ ಎಂಥದೆಂದು ಊಹಿಸಬಹುದು. ಕಂಬಳಿ ಹೊದ್ದು ಮಾತಾಡುವ ಕೃಷ್ಣನನ್ನು ಕೇಳಿ ಟೇಪು ಹಳತಾಯಿತೆಂದು ಜನ ನಿಟ್ಟುಸಿರುಬಿಡುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಟೇಪಿಗೆ ಏನೂ ಆಗಿರುವುದಿಲ್ಲ. ಮಾವನ ಯಂತ್ರದ ಹೆಡ್ಡು ಒಂದು ಓರೆಯಲ್ಲಿ ಬರೆದಿತ್ತು, ನನ್ನ ಡೆಕ್ಕಿನ ಹೆಡ್ಡು ಮತ್ತೊಂದು ಓರೆಯಲ್ಲಿ ಓದುತ್ತಿದೆ, ಅಷ್ಟೆ.

ಇದಕ್ಕೆ ಪರಿಹಾರವು ಹೆಡ್ಡಿನ ಮಗ್ಗುಲಲ್ಲಿರುವ ಒಂದು ಸಣ್ಣ ತಿರುಪು. ಟೇಪು ತಿರುಗುತ್ತಿರುವಂತೆಯೇ, ಎಡ ಬಲದ ಸ್ವರಗಳೆರಡನ್ನೂ ಒಂದರಲ್ಲೊಂದು ಬೆರಸಿ ಕಿವಿಗಿಟ್ಟುಕೊಂಡು, ಆ ತಿರುಪನ್ನು ಸೂಕ್ಷ್ಮವಾದ ಸ್ಕ್ರೂಡ್ರೈವರಿನಿಂದ ಕಾಲು ಸುತ್ತಿಗಿಂತಲೂ ಕಡಮೆ ಅತ್ತಿತ್ತ ಆಡಿಸುತ್ತ ಹೋದರೆ, ಒಂದು ಬಿಂದುವಿನಲ್ಲಿ ಕಂಬಳಿ ಸರಿದು ಬೀಳುತ್ತದೆ. ತಾಳದ ಅಂಚು ಹೊಳೆಯುತ್ತದೆ. ಶಕಾರ ಶಕಾರವಾಗಿಯೂ ಸಕಾರ ಸಕಾರವಾಗಿಯೂ ನಿಲ್ಲುತ್ತದೆ. ಜತೆಗೆ ಆ ‘ಹುಸ್’ ಎಂಬುದೂ ಹೆಚ್ಚುತ್ತದೆ, ಹೆಚ್ಚಬೇಕಾದುದೇ. ಸಾಲದುದಕ್ಕೆ ಇದನ್ನು ಒಮ್ಮೆ ಮಾಡಿದರೆ ಮುಗಿಯಲಿಲ್ಲ. ಮಾವನು ಯಂತ್ರವನ್ನು ರಿಪೇರಿಗೆ ಕೊಟ್ಟು ತಂದಾಗಲೆಲ್ಲ ಅದರ ಓರೆ ಬದಲಾಗಿರುವುದರಿಂದ ಪ್ರತಿಯೊಂದು ಕ್ಯಾಸೆಟ್ಟಿಗೂ, ಕೆಲವೊಮ್ಮೆ ಒಂದೇ ಕ್ಯಾಸೆಟ್ಟಿನ ಎರಡು ಮೈಗಳಿಗೂ ಬೇರೆ ಬೇರೆಯಾಗಿ ತಿರುಪಬೇಕು. ಅರೆಕಾಸಿನ ಆ ತಿರುಪನ್ನು ಮುಟ್ಟದೆ ಲಕ್ಷ ರೂಪಾಯಿಯ ಡೆಕ್ಕಿನಲ್ಲಿ ಇಳಿಸಿದ ಧ್ವನಿಗಿಂತ, ಅದನ್ನು ತಾಳ್ಮೆಯಿಂದ ಮುಟ್ಟಿ ಗುಜರಿಯ ಡೆಕ್ಕಿನಲ್ಲಿ ಇಳಿಸಿದ ಧ್ವನಿ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಬಲ್ಲ ಮಿತ್ರರು ಇದನ್ನು ಇನ್ನೂ ಒಪ್ಪಿಲ್ಲ.

ಬೂಷ್ಟಿನ ಸಂಗತಿ ಬೇರೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದಾಗ ಸುರುಳಿಯ ಅಂಚಿನಲ್ಲಿ ಬೆಳ್ಳಗಿನ ಪುಡಿ ಕಂಡರೆ ಅದನ್ನು ಡೆಕ್ಕಿಗೆ ಹಾಕಕೂಡದು. ಹಾಕಿದರೆ ಹೆಡ್ಡು ಕೊಳಕಾಗುವುದಲ್ಲದೆ ತರುವಾಯ ಬಂದ ಆರೋಗ್ಯವಂತ ಕ್ಯಾಸೆಟ್ಟುಗಳಿಗೂ ಆ ರೋಗ ಹರಡುತ್ತದೆ. ಇಂಥವನ್ನು ಪ್ರತ್ಯೇಕವಾಗಿ ತೆಗೆದಿಟ್ಟು, ಮಾಗಿಯ ಒಣ ಹವೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಒಣಬಟ್ಟೆಯ ನಡುವೆ ಟೇಪನ್ನು ಹಾಯಿಸಿ ಒರಸಬೇಕು. ತಿರುಪುಗಳಿರುವ ಚಿಪ್ಪಾದರೆ ಬಿಚ್ಚಿ ಸುರುಳಿಗಳೆರಡನ್ನೂ ಹೊಸ ಚಿಪ್ಪಿಗೆ ವರ್ಗಾಯಿಸಬಹುದು. ಅಂಟಿಸಿಯೇ ಮಾಡಿದ ಚಿಪ್ಪಾದರೆ ಅಂಚಿಗೆ ಚೂರಿ ಹಾಕಿ ಒಡೆಯದೆ ಗತಿಯಿಲ್ಲ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಉಗುರಿನಷ್ಟಗಲದ ಬಟ್ಟೆಯ ಮೆತ್ತೆಯೊಂದು ಒಳಗಿದೆಯಷ್ಟೆ. ಅದರ ಅಂಟು ಒಣಗಿ ಉದುರಿದ್ದರೆ ಸ್ವರ ಬಂದು ಹೋಗಿ ಮಾಡುತ್ತದೆ. ಸಿನೆಮಾ ಹಾಡಿನ ಹಳೆಯ ಕ್ಯಾಸೆಟ್ಟುಗಳು ಪ್ರತಿ ಮನೆಯಲ್ಲಿಯೂ ಅನಾಥವಾಗಿ ಬಿದ್ದಿರುವುದರಿಂದ ಚಿಪ್ಪಿಗೂ ಮೆತ್ತೆಗೂ ಬರಗಾಲವಿಲ್ಲ.

ಹಣ ಉಳಿಯಿತೆಂದು ಹಿಗ್ಗುವವನಿಂದ ಈ ಕೆಲಸವು ಬೇರೆ ನಾಣ್ಯದಲ್ಲಿ ತನ್ನ ಬೆಲೆಯನ್ನು ವಸೂಲು ಮಾಡದೆ ಬಿಡುವುದಿಲ್ಲ. ಪುಸ್ತಕವನ್ನು ಸ್ಕ್ಯಾನು ಮಾಡುವವನು ಓದದೆಯೇ ಪುಟ ಮಗುಚಬಹುದು. ಪಟಗಳನ್ನು ಕ್ಷಣದಲ್ಲಿ ನಕಲು ಮಾಡಬಹುದು. ಟೇಪು ಮಾತ್ರ ತಾನು ಬರೆಯಲ್ಪಟ್ಟ ವೇಗದಲ್ಲಿಯೇ ತಿರುಗಬೇಕು. ತೊಂಬತ್ತರ ಕ್ಯಾಸೆಟ್ಟಿಗೆ ಮೈಯೊಂದಕ್ಕೆ 45 ನಿಮಿಷ. ಅಷ್ಟರಲ್ಲಿ ಸುಮಾರು 130 ಮೀಟರು ಟೇಪು ಹೆಡ್ಡಿನ ಮುಂದೆ ಹಾದು ಹೋಗಬೇಕು. ರಾತ್ರಿಯಿಡೀ ನಡೆದ ಕೂಟವನ್ನು ಇಳಿಸುವುದಕ್ಕೆ ರಾತ್ರಿಯಷ್ಟೇ ದೀರ್ಘವಾದ ಹಗಲು ಬೇಕು. ಯಂತ್ರವನ್ನು ಅದರ ಪಾಡಿಗೆ ಬಿಟ್ಟು ತೋಟಕ್ಕೆ ಹೋಗಿ ಬರಬಹುದಲ್ಲ ಎಂದರೆ, ಟೇಪು ರೋಲರಿಗೆ ಸುತ್ತಿಕೊಳ್ಳುವ ಮುಹೂರ್ತವು ಸರಿಯಾಗಿ ನಾವು ತೋಟದಲ್ಲಿರುವಾಗಲೇ ಬರುತ್ತದೆ. ಆದುದರಿಂದ ಕುಳಿತು ಕೇಳಲೇಬೇಕು. ಎಂದಿಗೂ ಪುರಸೊತ್ತಿನಿಂದ ಕೂರದ ನಾನು ಹೀಗೆ ಯಂತ್ರದ ಕಾವಲಿಗೆ ಕುಳಿತ ನೆಪದಲ್ಲಿ ವಾಲಿಯ ಆಕ್ಷೇಪಣೆಗಳೆಲ್ಲವನ್ನೂ ಕೇಳಿದೆನು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಅಷ್ಟು ಪ್ರಶ್ನೆಗಳನ್ನು ಹಾಕಬಹುದೆಂದು ನನಗೆ ತಿಳಿದಿರಲಿಲ್ಲ. ಸರಿಯಾಗಿ ರಾಮನು ಉತ್ತರ ಕೊಡಲು ಗಂಟಲು ಸರಿಪಡಿಸಿಕೊಂಡಾಗ ಟಕ್ಕೆಂದು ಆ ಮೈ ಮುಗಿಯಿತು. ಮಗುಚಿ ಹಾಕುವಷ್ಟರಲ್ಲಿ ಮಾವನು ಕಳೆದುಕೊಂಡ ಆ ಅರೆನಿಮಿಷದಲ್ಲಿ ರಾಮನು ಏನೆಂದನೆಂಬುದು ಇನ್ನು ಯಾರಿಗೂ ತಿಳಿಯತಕ್ಕದ್ದಲ್ಲ. ಎರಡನೆಯ ಮೈಯಲ್ಲಿ ವಾಲಿಯು ಆಗಲೇ ಅರ್ಧ ಒಪ್ಪಿಕೊಂಡಿದ್ದಾನೆ.

ಇಳಿಸಿದ ಮೇಲೆ ತೊಳೆಯುವ ಪ್ರಶ್ನೆ ಬರುತ್ತದೆ. ತಂತ್ರಾಂಶದಲ್ಲಿ ಅದಕ್ಕೊಂದು ಉಪಾಯವಿದೆ: ಯಾರೂ ಮಾತಾಡದ ಒಂದೆರಡು ಕ್ಷಣಗಳ ಬರಿಯ ‘ಹುಸ್’ ಶಬ್ದವನ್ನು ಅದಕ್ಕೆ ಮಾದರಿಯಾಗಿ ತೋರಿಸಿದರೆ, ಇಡೀ ಧ್ವನಿಯಿಂದ ಆ ಜಾತಿಯ ಶಬ್ದವನ್ನು ಹುಡುಕಿ ಕಳೆದುಬಿಡುತ್ತದೆ. ಕೇಳುವುದಕ್ಕೆ ಚೋದ್ಯವೇ. ಆದರೆ ಕೈ ಸ್ವಲ್ಪ ಬಲವಾದರೂ ಉಮಿಯ ಜತೆಗೆ ಅಕ್ಕಿಯನ್ನೂ ತೂರಿಬಿಟ್ಟಂತಾಗುತ್ತದೆ. ಚೆಂಡೆಯ ಪೆಟ್ಟಿನ ಮೊನೆ ಮುರಿಯುತ್ತದೆ, ಮಾತಿನ ಕೊನೆಗಳು ನೀರಿನೊಳಗಿನ ಗುಳುಗುಳುವಾಗುತ್ತವೆ, ತಾಳದ ಅನುರಣನವು ಹುಟ್ಟಿದಲ್ಲೇ ಸಾಯುತ್ತದೆ. ನನ್ನ ಭಾವನಿಗೆ ಈ ತೊಳೆದ ಧ್ವನಿಯೇ ಇಷ್ಟ. ಅವನು ಕಾರಿನಲ್ಲಿ ಕೇಳುವವನು. ಕೆಮ್ಮುಗಳನ್ನೂ ಮಳೆಯನ್ನೂ ತೆಗೆದುಕೊಡಬೇಕೆಂದು ಅವನ ಒತ್ತಾಯ. ಈ ವಿಷಯದಲ್ಲಿ ನಾನು ತೀರ್ಪಿಗೆಂದು ಮಾವನ ಬಳಿಗೆ ಹೋದೆನು. ಎಂಬತ್ತು ದಾಟಿದ ಅವರು ಹೆಡ್‌ಫೋನನ್ನು ಎರಡು ಕೈಗಳಲ್ಲಿ ಒತ್ತಿ ಹಿಡಿದು ತೊಳೆಯದುದನ್ನೂ ತೊಳೆದುದನ್ನೂ ಕೇಳಿ, “ಮಳೆ ಎಂತಕ್ಕೆ ತೆಗಿಯುದು ಮಾರಾಯ? ಮಳೆ ಬರ್ತಾ ಇದ್ದದ್ದು ಹೌದಲ್ವಾ?” ಎಂದರು.

“ಮಾತು ಸ್ಪಷ್ಟ ಕೇಳ್ಬೇಕಲ್ಲ ಮಾವ?”

“ಆಗ ನಮಗೆ ಕೇಳ್ತಿತ್ತಲ್ಲ? ಈಗಿನವರ ಕೆಮಿಗೆ ಎಂತ ಆದದ್ದು?”

ಈ ವಾದಕ್ಕೆ ಎದುರುವಾದವಿಲ್ಲ. ಅಷ್ಟೇ ಅಲ್ಲ, ಜೋರು ಮಳೆ ಬಂದಾಗ ಆ ಅರ್ಥಧಾರಿಗಳು ಸ್ವರವನ್ನು ಏರಿಸುವುದೂ, ಸಿಡಿಲಿನ ಸದ್ದನ್ನು ಹಿಡಿದುಕೊಂಡು ಎದುರಾಳಿಗೆ ಒಂದು ಚುಚ್ಚುಮಾತನ್ನು ಎಸೆಯುವುದೂ, ಸಭೆ ನಗುವುದೂ ಟೇಪಿನಲ್ಲಿದೆ, ಸಿಡಿಲನ್ನು ಕಳೆದರೆ ಆ ಮಾತು ತಲೆಬುಡವಿಲ್ಲದುದಾಗುತ್ತದೆ. ತೊಳೆಯದ ಪ್ರತಿಯನ್ನು ಒಂದಕ್ಷರವನ್ನೂ ಮುಟ್ಟದೆ ಇಟ್ಟುಕೊಳ್ಳುವುದೆಂದೂ, ಕಾರಿನವರಿಗೆ ಬೇರೆ ಪ್ರತಿಯನ್ನು ಮಾಡಿಕೊಡುವುದೆಂದೂ ನಿಶ್ಚಯಿಸಿದೆನು. ಮೂಲ ಪ್ರತಿಯು ಕುಗ್ಗಿಸದ ವೇವ್ ಕಡತವಾಗಿಯೇ ಇರತಕ್ಕದ್ದು. ಎಂಪಿ3 ಎಂಬುದು ಕಿವಿಗೆ ಬೇಡವೆಂದು ತಾನೇ ತೀರ್ಮಾನಿಸಿದುದನ್ನೆಲ್ಲ ಚೆಲ್ಲಿ ಹಗುರಾಗುವ ಪದ್ಧತಿಯಾದ್ದರಿಂದ ಅದು ಹಂಚುವುದಕ್ಕೆ ಸಾಕು, ಕಾಪಿಡುವುದಕ್ಕೆ ಸಾಲದು. ಕಡತಗಳ ಒಂದು ಪ್ರತಿ ನಮ್ಮ ಮನೆಯಲ್ಲಿ, ಮತ್ತೊಂದು ಪರ ಊರಿನಲ್ಲಿರುವ ಭಾವನ ಮನೆಯಲ್ಲಿ. ಸಾರ್ವಜನಿಕವಾಗಿ ಹರಿಯಬಿಡುವ ಉತ್ಸಾಹ ಹಲವರಿಗಿದೆ. ಅರ್ಥ ಹೇಳಿದವರ ಮನೆಯವರನ್ನು ಕೇಳದೆ ಹಾಗೆ ಮಾಡುವುದು ನನಗೆ ಸೌಜನ್ಯವೆಂದು ತೋರಲಿಲ್ಲ.

ಯುನೆಸ್ಕೋ ಸಂಸ್ಥೆಯೂ ಧ್ವನಿ ದಾಖಲಾಗಾರಗಳ ಅಂತರರಾಷ್ಟ್ರೀಯ ಸಂಘವೂ ಕೂಡಿ 2019ರಲ್ಲಿ ಜಗತ್ತಿಗೆ ಒಂದು ಎಚ್ಚರಿಕೆಯನ್ನು ಕೊಟ್ಟಿದ್ದುವು: ಟೇಪುಗಳು ಅಳಿಯುವುದಕ್ಕಿಂತ ಮುಂಚೆ ಅವನ್ನು ನುಡಿಸುವ ಯಂತ್ರಗಳೂ ಬಿಡಿಭಾಗಗಳೂ ಅಳಿಯುತ್ತವೆ, 2025ರ ಸುಮಾರಿಗೆ ವಾಡಿಕೆಯ ಕ್ರಮದಲ್ಲಿ ಅವನ್ನು ಕೇಳುವುದೇ ದುಸ್ತರವಾದೀತು ಎಂದು. ಆ ಗಡುವು ಈಗ ಕಳೆದುಹೋಗಿದೆ. ನಮ್ಮ ಪೇಟೆಯ ರೇಡಿಯೋ ರಿಪೇರಿಯವರ ಡಬ್ಬಿಯಲ್ಲಿ ಬೆಲ್ಟುಗಳು ಇನ್ನೂ ಕೆಲವು ಇವೆ. ಆದರೆ ಅವರ ಮಗನು ಮೊಬೈಲು ರಿಪೇರಿ ಕಲಿತವನು. ಬೆಲ್ಟು ಎಂದರೆ ಸೊಂಟಕ್ಕೆ ಕಟ್ಟುವುದೆಂದು ತಿಳಿದಿದ್ದಾನೆ. ಉತ್ತಮವಾದ ಡೆಕ್ಕಿಗಾಗಿ ಕಾಯುತ್ತಿರುವ ಮಿತ್ರರಿಗೆ ಇದನ್ನು ತಿಳಿಸಿದ್ದೇನೆ.

ಕೊನೆಯದಾಗಿ, ಕಡತಗಳಿಗೆ ಹೆಸರಿಡುವ ತೊಡಕೊಂದು ಉಳಿದಿತ್ತು. ಮಾವನು ಕ್ಯಾಸೆಟ್ಟಿನ ಕಾಗದದ ಮೇಲೆ ಪ್ರಸಂಗದ ಹೆಸರು, ಊರು, ಕೆಲವೊಮ್ಮೆ “ಮಳೆ ಜೋರು” ಎಂದೂ “ಪಾಯಸ ಒಳ್ಳೆದಿತ್ತು” ಎಂದೂ ಬರೆದಿಟ್ಟಿದ್ದರಲ್ಲದೆ, ಒಂದು ರಾತ್ರಿಯ ಆರೇಳು ಕ್ಯಾಸೆಟ್ಟುಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಬಹುಶಃ ತನಗೆ ನೆನಪಿದ್ದೇ ಇರುತ್ತದೆಂಬ ಭರವಸೆಯಿಂದ ಬರೆಯದೆಯೇ ಬಿಟ್ಟಿದ್ದರು. ಪ್ರಸಂಗದ ಪುಸ್ತಕವನ್ನಿಟ್ಟುಕೊಂಡು ಪದ್ಯಗಳ ಅನುಕ್ರಮದಿಂದ ಕೆಲವನ್ನು ಹೊಂದಿಸಬಹುದು. ಆದರೆ ಒಂದು ಪದ್ಯಕ್ಕೆ ಗಂಟೆಗಟ್ಟಲೆ ಅರ್ಥ ಹೇಳುವವರ ಮುಂದೆ ಪುಸ್ತಕ ಏನು ಮಾಡೀತು? ಕರ್ಣಪರ್ವದ ಒಂದು ಕಟ್ಟಿನಲ್ಲಿ, ಪದ್ಯವೇ ಇಲ್ಲದೆ ಶಲ್ಯ ಕರ್ಣರು ಬರಿಯ ಮಾತಿನಲ್ಲಿ ಜಗಳಾಡುವ ಎರಡು ಕ್ಯಾಸೆಟ್ಟುಗಳು ಹೀಗೆ ಸಿಕ್ಕಿಕೊಂಡು ನಿಂತಿದ್ದುವು. ಅವನ್ನು ಕೇಳುತ್ತಿರುವಾಗ ಒಂದರಲ್ಲಿ ಶಲ್ಯನ ಸ್ವರ ಇನ್ನೊಂದರಲ್ಲಿರುವುದಕ್ಕಿಂತ ತುಸು ಎಳೆಯದೆನ್ನಿಸಿತು, ಮಾತೂ ಅವಸರದ್ದು. ಹಿಂದುಗಡೆ ಸಣ್ಣಗೆ ಹಿಡಿದಿದ್ದ ಶ್ರುತಿಪೆಟ್ಟಿಗೆಯನ್ನು ಹಾರ್ಮೋನಿಯಮ್ಮಿನ ಮನೆಗೆ ಹೋಲಿಸಿ ನೋಡಿದರೆ, ಅಲ್ಲಿಯೂ ಅರ್ಧ ಮನೆಯಷ್ಟು ಏರಿದೆ. ಭಾಗವತರು ಅವರೇ, ನಡುವೆ ಶ್ರುತಿಯನ್ನು ಬದಲಿಸುವ ಕಾರಣವಿಲ್ಲ. ಏರಿದುದು ಶ್ರುತಿಯಲ್ಲ, ಇಳಿದುದು ಬ್ಯಾಟರಿ. ಮೋಟರು ಒಂದು ಹಂತದವರೆಗೆ ಸಮವೇಗದಲ್ಲಿಯೇ ಓಡುತ್ತದೆ. ಸೆಲ್ಲುಗಳು ತೀರಾ ಬಡವಾದ ಮೇಲೆ ನಿಧಾನವಾಗುತ್ತ ಬರುತ್ತದೆ. ನಿಧಾನವಾಗಿ ಬರೆದುದನ್ನು ಸರಿಯಾದ ವೇಗದಲ್ಲಿ ಓದಿದಾಗ ಸ್ವರ ಏರಿ, ಮಹಾರಥಿಗಳು ಬಾಲಕರಾಗುತ್ತಾರೆ. ಎಂದಮೇಲೆ ಸ್ವರ ಹೆಚ್ಚು ಏರಿದ ಕ್ಯಾಸೆಟ್ಟೇ ಆಮೇಲಿನದು! ಈ ಸೂತ್ರವನ್ನು ಹಿಡಿದು ಆ ರಾತ್ರಿಯ ಕೊನೆಯ ಟೇಪುಗಳನ್ನು ಸಾಲಾಗಿ ಜೋಡಿಸಿದೆನು. ಶ್ರುತಿಯನ್ನು ಆಧಾರವಾಗಿಟ್ಟುಕೊಂಡು ವೇಗವನ್ನು ತಗ್ಗಿಸಿದಾಗ ಶಲ್ಯನಿಗೆ ಮೀಸೆ ಮರಳಿ ಬಂದಿತು. ಒಂದರ ಕೊನೆಯಲ್ಲಿ ಅರ್ಧಕ್ಕೆ ನಿಂತ ಮಾತಿಗೆ ಮುಂದಿನದರ ಆರಂಭದಲ್ಲಿ ಉತ್ತರವೂ ದೊರೆಯಿತು.

ಈ ಆವಿಷ್ಕಾರವನ್ನು ಮಾವನಿಗೆ ವಿವರಿಸಿ, ಬ್ಯಾಟರಿ ಅಂದು ಹಾಗೆ ಕೈಕೊಡದೆ ಇದ್ದಿದ್ದರೆ ಅನುಕ್ರಮವನ್ನು ಪತ್ತೆಮಾಡಲು ಬೇರೆ ದಾರಿಯೇ ಇರಲಿಲ್ಲವೆಂದು ಹೇಳಿದೆನು. ಅವರು ಎಲೆಯಡಕೆಯ ತಟ್ಟೆಯನ್ನು ಬಳಿಗೆ ಎಳೆದುಕೊಂಡು, ಅಡಕೆಯ ಹೋಳೊಂದನ್ನು ಆರಿಸಿ, “ಮತ್ತೆ? ಅದಕ್ಕೇ ಅಲ್ವಾ ನಾನು ಅವತ್ತು ಹೊಸ ಬ್ಯಾಟ್ರಿ ತಕೊಳ್ಳದ್ದು!” ಎಂದರು.